ಸಮಯವಿದ್ದರೆ ಮ್ಯೂಸಿಯಂ

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಹತ್ತೊಂಬತ್ತು ಸ್ಯಾಂಪಲ್. ಕೊನೆಯವರು ಹಿಂದಿನ ರಸ್ತೆಯ ರಿಟೈರ್ಡ್ ಮೇಷ್ಟ್ರು, ನರವೇ ಸಿಗದು. ಎರಡನೇ ಸಲ ಚುಚ್ಚಿದಾಗ ಸಿಕ್ಕಿತು. ಬೈದರು, ಬೈಸಿಕೊಂಡೆ. ಆರು ದಿನ ರಜೆ ಬೇಕು ಎಂದಾಗ ಡಾಕ್ಟರ್ ಮುಖ ನೋಡಬೇಕಿತ್ತು. ಬಸವೇಶ್ವರನಗರದ ಅರ್ಧ ಜನದ ರಕ್ತ ನಾನೊಬ್ಬಳೇ ತೆಗೆಯಬೇಕೇನೋ ಅನ್ನುವ ಹಾಗೆ.

ದೆಹಲಿ ಅಪ್ಪಾಜಿಯ ಹಟ. ಎಪ್ಪತ್ತೆಂಟು ವಯಸ್ಸು, ಎರಡೂ ಮಂಡಿ ನೋವು. ಆದರೂ ರಾಜಾಜಿನಗರದ ಹಿರಿಯ ನಾಗರಿಕರ ಬಳಗದವರು ಟೂರ್ ಅಂದದ್ದೇ ತಡ, ಹೆಸರು ಕೊಟ್ಟು ಬಂದಿದ್ದಾರೆ. ನನ್ನದನ್ನೂ ಸೇರಿಸಿ. ಒಂದು ಮಾತು ಕೇಳಲಿಲ್ಲ.

"ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಕಣೇ ಕಲಾ."

"ಏನನ್ನ ಅಪ್ಪಾಜಿ?"

"ಅದೇ... ಕೆಂಪುಕೋಟೆ, ಕುತುಬ್ ಮಿನಾರು."

ಅಮ್ಮ ಇದ್ದಾಗ ಧರ್ಮಸ್ಥಳಕ್ಕೆ ಹೊರಡಿಸಲೂ ಒಂದು ತಿಂಗಳು ಗೋಗರೆಯಬೇಕಿತ್ತು ಈ ಮನುಷ್ಯನನ್ನು. ನಮ್ಮ ಯಜಮಾನರಿಗಂತೂ ಆಫೀಸಿನ ನೆಪ ಸಿಕ್ಕಿದೆ, ಪಾರಾದರು. ಚಟ್ನಿಪುಡಿ ಎರಡು ಡಬ್ಬ ತುಂಬಿದೆ. ರೊಟ್ಟಿ ನಾಳೆ.

ಟೂರ್ ಮ್ಯಾನೇಜರ್ ಚಕ್ರಪಾಣಿ ಕೊಟ್ಟ ಪಟ್ಟಿಯನ್ನು ಅಪ್ಪಾಜಿ ಭೂತಗನ್ನಡಿ ಹಿಡಿದು ಓದುತ್ತಾ ಕೂತಿದ್ದಾರೆ. ನಾಲ್ಕನೇ ದಿನದ ಸಾಲಿನ ಕೊನೆಯಲ್ಲಿ — "ಸಮಯವಿದ್ದರೆ ಮ್ಯೂಸಿಯಂ." ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಮ್ಯೂಸಿಯಂ ಕಂಡರೆ ಯಾವಾಗಿನಿಂದ ಪ್ರೀತಿ?

ಮಾರ್ಚ್ 6, ಗುರುವಾರ. ಕರೋಲ್ ಬಾಗ್

ಬಂದು ಬಿದ್ದಿದ್ದೇವೆ. ಲಾಡ್ಜಿನ ರೂಮು: ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ.

ಬೆಂಗಳೂರು ಏರ್‌ಪೋರ್ಟಿನಲ್ಲೇ ಶುರುವಾಯಿತು. ಬೀಪ್! ಅಪ್ಪಾಜಿಯ ಕೊರಳಿನ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಪೆಟ್ಟಿಗೆ, ದೊಡ್ಡ ನಿಂಬೆಹಣ್ಣಿನಷ್ಟು, ಎರಡು ಕಡೆಗೂ ಕೊಂಬಿನಂಥ ಚೂಪು ತುದಿ. ಸ್ನಾನಕ್ಕೂ ತೆಗೆಯರು, ಮಲಗುವಾಗಲೂ ತೆಗೆಯರು. ಸೆಕ್ಯುರಿಟಿಯವನು ಬಾಗಲಕೋಟೆ ಕಡೆಯವನಿರಬೇಕು. "ಲಿಂಗ ಏನ್ರಿ ಅಜ್ಜಾರ? ಹೋಗ್ರಿ, ಹೋಗ್ರಿ" ಎಂದು ಕೈಯನ್ನೇ ಮುಗಿದ.

ದೆಹಲಿಯಲ್ಲಿ ಯಾರು ಮುಗಿಯುತ್ತಾರೆ? ನೋಡೋಣ.

ಮಾರ್ಚ್ 7, ಶುಕ್ರವಾರ

ಯಾರೂ ಮುಗಿಯಲಿಲ್ಲ.

ಕುತುಬ್ ಮಿನಾರಿನ ಗೇಟಿನಲ್ಲಿ ಬೀಪ್. ಯುದ್ಧ ಸ್ಮಾರಕದ ಗೇಟಿನಲ್ಲಿ ಬೀಪ್. "ಬಾಬಾ, ಯೇ ಕ್ಯಾ ಹೈ? ಉತಾರೋ." ಅಪ್ಪಾಜಿ ಎದೆಗೆ ಎರಡೂ ಕೈ ಅಡ್ಡ ಹಿಡಿದು, "ಭಗವಾನ್ ಹೈ. ನಹೀ ಉತಾರ್ತಾ." ಅವರ ಹಿಂದಿಯ ಒಟ್ಟು ಸ್ಟಾಕು ಅಷ್ಟೇ. ಹಿಂದೆ ಇಪ್ಪತ್ಮೂರು ಜನ ಹಿರಿಯ ನಾಗರಿಕರು ಬಿಸಿಲಲ್ಲಿ. ಚಕ್ರಪಾಣಿ ಓಡಿ ಬಂದು ಕೈಕಾಲು ಹಿಡಿಯುವುದೊಂದು ಬಾಕಿ. ನನಗೆ ಸಿಟ್ಟು, ನಗು, ಎರಡೂ.

ಸ್ಮಾರಕದ ಗೋಡೆಯ ತುಂಬ ಹೆಸರು. ಒಂದೊಂದು ಕಲ್ಲಿಗೆ ಒಬ್ಬೊಬ್ಬ ಹುಡುಗ. ಓದುತ್ತಾ ಹೋದರೆ ಮುಗಿಯುವುದೇ ಇಲ್ಲ. ಕಣ್ಣು ತುಂಬಿತು. ಅಪ್ಪಾಜಿ ಮಾತ್ರ ಬೆಂಚಿನಲ್ಲಿ ಕೂತು ಚಕ್ರಪಾಣಿಯನ್ನು ಕೇಳುತ್ತಿದ್ದರು: "ಭಾನುವಾರ ಆ ಮ್ಯೂಸಿಯಂ ತೆಗೆದಿರುತ್ತಾ?"

ಬಸ್ಸಿನಲ್ಲಿ ಹಿಂದಿನ ಸೀಟಿನ ಆಂಟಿ, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಕರಡಿಗೆ ನೋಡಿ ಕೇಳಿದರು. "ಹಳೇ ಕಾಲದ್ದಾ ಸಾರ್?"

"ಅಲ್ಲ, ಹೊಸದು" ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು.

ಮಿಕ್ಕಿದ್ದನ್ನು ಆಂಟಿಗೆ ಹೇಳಲಾಗದು. ಇಲ್ಲಿ ಬರೆಯಬಹುದು, ಓದುವವರು ಯಾರು? ಇದು ಕದ್ದ ಬೆಳ್ಳಿ. ಅಂದರೆ ನಮ್ಮದೇ ಬೆಳ್ಳಿ, ಕಳುವಾಗಿ, ಕರಗಿ, ವಾಪಸ್ ಬಂದದ್ದು. ಅಜ್ಜನ ಕೊರಳಲ್ಲಿ ಹಳೆಯ ಕರಡಿಗೆ ಇತ್ತು, ನಾಲ್ಕು ತಲೆಮಾರಿನದು. 92ರಲ್ಲಿ ಅಜ್ಜ ಹೋದಾಗ ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಖಾಲಿ ಕರಡಿಗೆ ದೇವರ ಕೋಣೆಯ ಮರದ ಪೆಟ್ಟಿಗೆ ಸೇರಿತು. ವರ್ಷದ ಪುಣ್ಯಸ್ಮರಣೆಯ ದಿನ ಅದನ್ನು ಹಿರಿಯ ಮಗ ಧರಿಸಬೇಕು, ನಮ್ಮ ಮನೆತನದ ಪದ್ಧತಿ ಅದು. ಆ ದಿನ ಬಂತು. ಮಠದ ಸ್ವಾಮಿಗಳು ಕೂತಿದ್ದಾರೆ, ಮನೆ ತುಂಬ ನೆಂಟರು, ಪೆಟ್ಟಿಗೆ ತೆಗೆದರೆ ಬರಿದು.

ತೆಗೆದುಕೊಂಡವಳು ಶಾಂತವ್ವ. ಅಪ್ಪಾಜಿಯ ತಮ್ಮನ ಹೆಂಡತಿ, ನನ್ನ ಚಿಕ್ಕಮ್ಮ. ಸಾಕ್ಷಿ ನಾನೇ, ಆಗ ಹನ್ನೆರಡು ವರ್ಷ. ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಹೇಳಿದೆ. ಅದೇ ವಾರ ಚಿಕ್ಕಪ್ಪ, ಚಿಕ್ಕಮ್ಮ ಮನೆ ಬಿಟ್ಟರು. ಮೂರು ವರ್ಷವಾದ ಮೇಲೆ ಒಂದು ದಿನ ಚಿಕ್ಕಪ್ಪ ಬಂದು, ಹೊಚ್ಚ ಹೊಸ ಕರಡಿಗೆಯನ್ನು ಹೊಸ್ತಿಲ ಮೇಲಿಟ್ಟು, ನೀರನ್ನೂ ಕುಡಿಯದೆ ಹೊರಟುಹೋದರು. "ಕದ್ದದ್ದು ದಕ್ಕಲಿಲ್ಲ, ಕರಗಿಸಿ ತಂದಿಟ್ಟಳು" ಎಂದಳು ಅಜ್ಜಿ. ಎಲ್ಲರೂ ಹಾಗೇ ಅಂದರು. ಅಂದಿನಿಂದ ಅದು ಅಪ್ಪಾಜಿಯ ಕೊರಳಲ್ಲಿದೆ.

ಚಿಕ್ಕಮ್ಮ ಈಗ ಬ್ಯಾಡರಹಳ್ಳಿಯಲ್ಲಿ ಮಗನ ಜೊತೆ. ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಚಿಕ್ಕಪ್ಪ ತೀರಿಕೊಂಡಾಗ ಅಪ್ಪಾಜಿ ಒಬ್ಬರೇ ಮಣ್ಣಿಗೆ ಹೋಗಿ ಬಂದರು, ಎರಡು ದಿನ ಊಟ ಬಿಟ್ಟರು.

ಸಾಕು. ಕಾಲು ಸೇದುತ್ತಿದೆ.

ಮಾರ್ಚ್ 8, ಶನಿವಾರ

ಕೆಂಪುಕೋಟೆ, ರಾಜಘಾಟ್. ಕೋಟೆಯಲ್ಲಿ ಮೂರು ಕಡೆ ಚೆಕಿಂಗ್, ಮೂರು ಬೀಪ್. ಸಾಯೋದ್ರೊಳಗೆ ನೋಡಬೇಕಿದ್ದ ಕೆಂಪುಕೋಟೆಯನ್ನು ಅಪ್ಪಾಜಿ ಹತ್ತು ನಿಮಿಷ ನೋಡಿದರು. ಆಮೇಲೆ ನೆರಳು ಹುಡುಕಿ ಕೂತರು. ಚಕ್ರಪಾಣಿಯನ್ನು ಮತ್ತೆ ಕೇಳಿದರು. ಪಾಪ, ಅವನಿಗೂ ಸಾಕಾಗಿತ್ತು.

"ಸಾರ್, ಖಂಡಿತ ಕರ್ಕೊಂಡ್ ಹೋಗ್ತೀನಿ ಸಾರ್. ನಿಮಗೋಸ್ಕರಾನೇ ಹೋಗೋಣ, ಆಯ್ತಾ?"

ಅಪ್ಪಾಜಿಯ ಮುಖ ಬಿಳಿಚಿತು. ಖುಷಿಯಾಗಬೇಕಿತ್ತಲ್ಲ? ಬಿ.ಪಿ. ನೋಡಿದೆ, 160. ಮಾತ್ರೆ ಕೊಟ್ಟು ಮಲಗಿಸಿದೆ.

ಮಾರ್ಚ್ 9, ಭಾನುವಾರ. ಬೆಳಗ್ಗೆ 11.50

ಮ್ಯೂಸಿಯಂ ಒಳಗೆ, ಬೆಂಚಿನ ಮೇಲೆ. ಕೈ ನಡುಗುತ್ತಿದೆ. ಸೂಜಿ ಹಿಡಿಯುವ ಕೈ, ಇಪ್ಪತ್ತು ವರ್ಷದಲ್ಲಿ ಒಂದು ದಿನ ನಡುಗಿರಲಿಲ್ಲ. ಬರೆದರೆ ನಿಂತೀತು.

ಬಸ್ಸು ನಿಂತಾಗ ಅಪ್ಪಾಜಿ ಇಳಿಯಲಿಲ್ಲ. ಮೂರು ದಿನದಿಂದ ಜಪ ಮಾಡಿದವರು — "ಮಂಡಿ ಹಿಡ್ಕೊಂಡಿದೆ ಕಣಮ್ಮ, ನೀನ್ ನೋಡ್ಕೊಂಡ್ ಬಾ." ಬೈದುಕೊಂಡೇ ಇಳಿದೆ. ಗೇಟಿನಲ್ಲಿ ಬೀಪ್ ಇಲ್ಲ. ಸೀರೆಗಳ ಕೋಣೆ, ದೀಪಗಳ ಕೋಣೆ. ಆಕಳಿಸುತ್ತಾ ನಡೆದೆ. ಮೂರನೆಯದು ಬೆಳ್ಳಿ ಸಾಮಾನಿನ ಕೋಣೆ. ಗಾಜಿನ ಪೆಟ್ಟಿಗೆಯಲ್ಲಿ ಕಾಲ್ಗಡಗ, ಕುಂಕುಮ ಭರಣಿ, ಪಕ್ಕದಲ್ಲಿ ಒಂದು ಕರಡಿಗೆ. ನಮ್ಮ ಕಡೆಯದು ಇಲ್ಲೂ ಇದೆಯಲ್ಲ ಎಂದು ಖುಷಿಯಿಂದ ಬಗ್ಗಿದೆ.

ಬಲಗಡೆಯ ತುದಿ ಬಾಗಿದೆ. ಬುಡದಲ್ಲಿ ಕಪ್ಪಗೆ ಅರಗಿನ ತೇಪೆ.

ಆ ತುದಿ ನನಗೆ ಗೊತ್ತು. ಹೇಗೆ ಬಾಗಿತು ಎಂದೂ ಗೊತ್ತು. ಅದನ್ನು ಬರೆಯಲಾರೆ, ಈಗ ಬೇಡ.

ಕೆಳಗೆ ಚೀಟಿ. ಇಂಗ್ಲಿಷು, ಹಿಂದಿ. ನಾಲ್ಕು ಸಲ ಓದಿದೆ. ಬೆಳ್ಳಿಯ ಲಿಂಗದ ಕರಡಿಗೆ, ಕರ್ನಾಟಕ, ಹತ್ತೊಂಬತ್ತನೇ ಶತಮಾನ. ಒಂದು ತುದಿಯಲ್ಲಿ ಹಳೆಯ ರಿಪೇರಿ. ಕೊಡುಗೆ: ಕೆ. ಎಂ. ಗುರುಸಿದ್ದಯ್ಯ, ಬೆಂಗಳೂರು, 1994.

ಕೆ. ಎಂ. ಗುರುಸಿದ್ದಯ್ಯ ಹೊರಗೆ ಬಸ್ಸಿನಲ್ಲಿ ಕೂತಿದ್ದಾರೆ.

12.10

ಎದ್ದು ಮತ್ತೆ ಹೋಗಿ ನೋಡಿ ಬಂದೆ. ಅದೇ. ಫೋಟೊ ತೆಗೆದೆ, ಚೀಟಿಯದೂ ತೆಗೆದೆ. ಕಾವಲಿನ ಹೆಂಗಸು ಹತ್ತಿರ ಬಂದು "ತಬಿಯತ್ ಠೀಕ್ ಹೈ, ದೀದಿ?" ಎಂದಳು. ತಲೆಯಾಡಿಸಿದೆ.

ಕಳುವಾಗಿಲ್ಲ. ಕರಗಿಲ್ಲ. ಇಡಿಯಾಗಿ ಇಲ್ಲಿ ಕೂತಿದೆ, ಮೇಲೊಂದು ಲೈಟು ಬೇರೆ.

ಹಾಗಾದರೆ ಅಪ್ಪಾಜಿಯ ಕೊರಳಲ್ಲಿ ಇರುವುದು ಯಾರ ಬೆಳ್ಳಿ?

12.40, ಬಸ್ಸು

ನಾನು ಹತ್ತಿ ಕೂತೆ. ಅಪ್ಪಾಜಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ನನ್ನ ಕಡೆ ತಿರುಗದೆ ಕೇಳಿದರು.

"ಬೆಳ್ಳಿ ರೂಮು ಇನ್ನೂ ಇದೆಯಾ?"

ಅಲ್ಲಿ ಬೆಳ್ಳಿ ರೂಮು ಇದೆ ಎಂದು ನಾನು ಹೇಳಿರಲಿಲ್ಲ.

ಸಂಜೆ 6.15, ಲಾಡ್ಜು

ಉಳಿದವರೆಲ್ಲ ಅಂಗಡಿ ಬೀದಿಗೆ ಹೋದರು. ರೂಮಿನ ಬಾಗಿಲು ಹಾಕಿ, ಫೋಟೊವನ್ನು ಅವರ ಮುಂದೆ ಹಿಡಿದೆ. ನೋಡಿದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. "ಚೆನ್ನಾಗಿ ಇಟ್ಟಿದಾರೆ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಅಪ್ಪಾಜಿ! ಏನಿದು?"

"ಮೂರು ತಿಂಗಳಿಗೆ ಅಂತ ಕೊಟ್ಟಿದ್ದು ಕಣೇ. ನಮ್ಮ ಡಿಪಾರ್ಟ್‌ಮೆಂಟಿಗೆ ಪತ್ರ ಬಂದಿತ್ತು, ದೆಹಲೀಲಿ ಈ ಮ್ಯೂಸಿಯಮ್ಮಲ್ಲಿ ಎಕ್ಸಿಬಿಷನ್ನು, ಹಳೇ ಸಾಮಾನಿದ್ರೆ ಕೊಡಿ ಅಂತ. ಸಾಹೇಬ್ರು ನನ್ನನ್ನೇ ಕೇಳಿದ್ರು. ನಮ್ಮನೇದು ದೆಹಲೀಲಿ ಇಡ್ತಾರಲ್ಲ ಅಂತ ನಂಗೂ ಜಂಬ. ಮನೇಲಿ ಕೇಳಿದ್ರೆ ನಿಮ್ಮಜ್ಜಿ ಬಿಡ್ತಿರ್ಲಿಲ್ಲ. ಪುಣ್ಯತಿಥಿಯೊಳಗೆ ಬಂದ್ಬಿಡುತ್ತೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಎಕ್ಸಿಬಿಷನ್ ಮುಂದಕ್ಕೆ ಹೋಯ್ತು."

"ಆ ದಿನ ಹೇಳಬಹುದಿತ್ತಲ್ಲ?"

"ಸ್ವಾಮಿಗಳು ಕೂತಿದ್ರು. ನಿಮ್ಮಜ್ಜಿ ಎದೆ ಬಡ್ಕೊಂಡು ಅಳ್ತಾ ಇದ್ಲು. ಹೇಳೋಣ ಅಂತಾನೇ ಎದ್ದು ನಿಂತೆ, ಕಲಾ. ಶಿವನಾಣೆ. ಅಷ್ಟರಲ್ಲಿ ನೀನು ಹೇಳ್ಬಿಟ್ಟೆ, ಚಿಕ್ಕಮ್ಮ ತಗೊಂಡು ಹೋಗಿದ್ದು ನೋಡ್ದೆ ಅಂತ."

"ನಾನ್ ಹೇಳಿದ್ದು ನಿಜ ಅಲ್ಲ ಅಂತ ನಿಮಗೆ ಗೊತ್ತಿತ್ತು!"

"ಗೊತ್ತಿತ್ತು. ಮಗು ಏನೋ ಕಂಡು ಏನೋ ತಿಳ್ಕೊಂಡಿದೆ ಅಂದ್ಕೊಂಡೆ. ಆದ್ರೆ ನೀನ್ ಹೇಳಿದ್ಮೇಲೆ ನಂಗೆ... ಸುಲಭ ಆಗ್ಹೋಯ್ತು."

ಸುಲಭ. ಈ ಪದವನ್ನೇ ಬಳಸಿದರು.

ಮುಂದಿನ ವರ್ಷ ವಾಪಸ್ ಕಳಿಸುತ್ತೇವೆ ಎಂದು ಪತ್ರ ಬಂದಾಗ, ಬೇಡ, ಕೊಡುಗೆಯಾಗಿ ಇಟ್ಟುಕೊಳ್ಳಿ ಎಂದು ಸಹಿ ಹಾಕಿ ಕಳಿಸಿದರಂತೆ. ಮನೆಗೆ ತಂದರೆ ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತಿತ್ತಲ್ಲ. ಬೆಳ್ಳಿ ರೂಮಿನಲ್ಲಿ ಇಟ್ಟಿದ್ದೇವೆ ಎಂದು ಅಲ್ಲಿಂದ ಉತ್ತರವೂ ಬಂದಿತ್ತಂತೆ.

"ಮತ್ತೆ ಇದು?" ಅವರ ಕೊರಳನ್ನು ತೋರಿಸಿದೆ.

ಕರಡಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಶಾಂತನ ಸೊಂಟದ ಬೆಳ್ಳಿ ಡಾಬು. ಅವಳ ತವರಿಂದು. ನಿಮ್ಮಜ್ಜಿಗೆ ಹುಷಾರಿರ್ಲಿಲ್ವಲ್ಲ ಆಗ... ಅತ್ತೆ ಕಣ್ಮುಚ್ಚೋದ್ರೊಳಗೆ ಹಿರೀ ಮಗನ ಕೊರಳಲ್ಲಿ ಕರಡಿಗೆ ನೋಡ್ಲಿ ಅಂತ ಡಾಬು ಕರಗಿಸಿ ಮಾಡಿಸಿದ್ಲಂತೆ. ತಮ್ಮ ಹೊರಗೆ ಗೇಟ್ ಹತ್ರ ನನಗೊಬ್ಬನಿಗೇ ಹೇಳಿ ಹೋದ."

ಅದನ್ನು ಕಳ್ಳತನದ ರುಜುವಾತು ಎಂದು ಮನೆಯವರೆಲ್ಲ ನೋಡಿದೆವು. ಈ ಮನುಷ್ಯ ಅದನ್ನು ಕೊರಳಿಗೆ ಹಾಕಿಕೊಂಡು ಇಪ್ಪತ್ತೊಂಬತ್ತು ವರ್ಷ ದಿನಾ ಪೂಜೆ ಮಾಡಿದರು. ಗೇಟು ಗೇಟಿನಲ್ಲಿ ಭಗವಾನ್ ಹೈ ಅಂದರು.

ಊಟ ಬೇಡ ಅಂದೆ. ಅವರಿಗೆ ಮಾತ್ರೆ ಮಾತ್ರ ಕೊಟ್ಟೆ.

ಮಾರ್ಚ್ 10, ಸೋಮವಾರ. ಬೆಳಗ್ಗೆ 9

ಇವತ್ತು ಕೋಟೆ, ಮ್ಯೂಸಿಯಂ ಎಲ್ಲ ರಜೆ. ಗುಂಪು ಶಾಪಿಂಗಿಗೆ ಹೊರಟಿತು. ಅಪ್ಪಾಜಿ ಕೆಳಗೆ ಪೇಪರ್ ಹಿಡಿದು ಕೂತಿದ್ದಾರೆ, ಇಂಗ್ಲಿಷ್ ಪೇಪರು ತಲೆಕೆಳಗಾಗಿದ್ದರೂ ಅವರಿಗೆ ಗೊತ್ತಾಗದು ಇವತ್ತು. ನಿನ್ನೆ ರಾತ್ರಿ ಅವರನ್ನು ಬಾಯಿಗೆ ಬಂದಂತೆ ಬೈದೆ. ಹೇಡಿ ಅಂದೆ, ತಂದೆಗೆ.

ಬರೆಯಬೇಕು. ಬರೆಯದೆ ನಿದ್ದೆ ಬರುವುದಿಲ್ಲ.

ಅಜ್ಜ ಹೋಗಿ ನಾಲ್ಕು ತಿಂಗಳಾಗಿತ್ತು. ಸ್ಕೂಲಿನಿಂದ ಬಂದೆ, ದೇವರ ಕೋಣೆಯ ಹತ್ತಿರ ಯಾರೂ ಇರಲಿಲ್ಲ. ಪೆಟ್ಟಿಗೆ ತೆಗೆದು ಅಜ್ಜನ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿಕೊಂಡೆ. ಯಾರೋ ಬಂದ ಸದ್ದಾಯಿತು, ಹಿತ್ತಲ ಮೆಟ್ಟಿಲಿಳಿದು ಓಡಿದೆ. ದಾರ ಬಿಚ್ಚಿತು. ಕಲ್ಲಿನ ಮೇಲೆ ಠಣ್ಣೆಂದು ಬಿದ್ದು ಉರುಳಿ ಒಗೆಯುವ ಕಲ್ಲಿನ ಹತ್ತಿರ ನಿಂತಿತು. ತುದಿ ಬಾಗಿ ಬುಡ ಸೀಳಿತ್ತು. ಸತ್ತ ಅಜ್ಜನ ಕರಡಿಗೆ! ನನ್ನ ಚರ್ಮ ಸುಲಿಯುತ್ತಾರೆ ಎಂದುಕೊಂಡೆ.

ಬಟ್ಟೆ ಒಗೆಯುತ್ತಿದ್ದವರು ಚಿಕ್ಕಮ್ಮ. ಒಂದು ಮಾತು ಬೈಯಲಿಲ್ಲ. "ಅಳಬ್ಯಾಡ. ನಾ ಯಾರಿಗೂ ಹೇಳೂದಿಲ್ಲ" ಅಂದರು. ಹಾವೇರಿ ಕಡೆಯ ಮಾತು ಅವರದು. ಒದ್ದೆ ಕೈ ಒರೆಸಿಕೊಂಡು, ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ, ಮಾಗಡಿ ರಸ್ತೆಯ ಅಕ್ಕಸಾಲಿಗನ ಹತ್ತಿರ ಹೋಗಿ ಅರಗು ತುಂಬಿಸಿ ತಂದರು. ವಿಭೂತಿ ಹಚ್ಚಿ ತಿಕ್ಕಿ ಬೆಳಗಿದರು. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆಯಲ್ಲಿತ್ತು.

ಪುಣ್ಯತಿಥಿಯ ದಿನ ಅಜ್ಜಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದಳು. ಪೆಟ್ಟಿಗೆ ಮುಟ್ಟಿದವರು ಯಾರು? ನನ್ನ ಸರದಿ ಬಂದಾಗ ಬೀಳಿಸಿದ್ದೇ ಹೊರಗೆ ಬರುತ್ತದೆ ಎಂದು ಹೆದರಿದೆ. "ಚಿಕ್ಕಮ್ಮ ಸೆರಗಲ್ಲಿ ಸುತ್ಕೊಂಡು ಹೋಗಿದ್ದು ನೋಡಿದೀನಿ" ಅಂದೆ. ಒಂದಕ್ಷರ ಸುಳ್ಳಿಲ್ಲ. ವಾಪಸ್ ತಂದಿಟ್ಟರು ಎನ್ನುವುದನ್ನು ಬಿಟ್ಟೆ, ಯಾಕೆ ಒಯ್ದರು ಎನ್ನುವುದನ್ನು ಬಿಟ್ಟೆ.

ಚಿಕ್ಕಮ್ಮ ನನ್ನನ್ನೇ ನೋಡಿದರು. ನಾನು ಹೇಳುತ್ತೇನೆ ಎಂದು ಕಾದರು. ಆಮೇಲೆ ತಲೆ ತಗ್ಗಿಸಿದರು. ಅವರು ಬಾಯಿ ಬಿಡಲೇ ಇಲ್ಲ.

ಯಾರಿಗೂ ಹೇಳಿಲ್ಲ ಇದನ್ನು. ಅಮ್ಮನಿಗೆ ಹೇಳಲಿಲ್ಲ, ಯಜಮಾನರಿಗೆ ಹೇಳಿಲ್ಲ. ಕೆಲವು ವರ್ಷ ಕಳೆದ ಮೇಲೆ ನನಗೇ ನಂಬಿಕೆ ಬಂದಿತ್ತು, ಬೇರೆ ಯಾವತ್ತೋ ಅವರು ನಿಜವಾಗಿ ಕದ್ದಿರಬೇಕು ಎಂದು. ಕದ್ದೇ ಇರಬೇಕಿತ್ತು, ಇಲ್ಲವಾದರೆ ನನ್ನ ಗತಿ?

ಅಪ್ಪಾಜಿಯನ್ನು ಹೇಡಿ ಅಂದೆನಲ್ಲ.

ಮಾರ್ಚ್ 11, ಮಂಗಳವಾರ. ದೆಹಲಿ ಏರ್‌ಪೋರ್ಟು

ಸೆಕ್ಯುರಿಟಿಯಲ್ಲಿ ಬೀಪ್. ಚಕ್ರಪಾಣಿ ಅಭ್ಯಾಸಬಲದಿಂದ ಮುಂದೆ ಓಡಿದ. ಅಪ್ಪಾಜಿ ಕೈಯಾಡಿಸಿ ಅವನನ್ನು ನಿಲ್ಲಿಸಿದರು. ಕರಡಿಗೆ ತೆರೆದರು. ಲಿಂಗವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದರು. ಖಾಲಿ ಕರಡಿಗೆಯನ್ನು ಕೊರಳಿಂದ ತೆಗೆದು, ಬೆಲ್ಟು, ಮೊಬೈಲು, ಚಿಲ್ಲರೆಯ ಜೊತೆ ಆ ಪ್ಲಾಸ್ಟಿಕ್ ಟ್ರೇಯಲ್ಲಿ ಇಟ್ಟರು.

ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅಪ್ಪಾಜಿಯ ಕೊರಳು ಬರಿದಾಗಿದ್ದನ್ನು ನೋಡಿದವಳಲ್ಲ. ನಿಂತಲ್ಲೇ ನಿಂತುಬಿಟ್ಟೆ. ಹಿಂದಿನವರು ತಳ್ಳಿದರು.

ಆಚೆ ಬಂದ ಮೇಲೆ ಲಿಂಗವನ್ನು ಬಿಳಿ ಕರ್ಚೀಫಿನಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು. ಕರಡಿಗೆ ನನ್ನ ಬ್ಯಾಗಿನಲ್ಲಿದೆ. "ಹೋಗಿ ಕೊಟ್ಟು ಬರೋಣ" ಅಂದರು.

"ನೀವೇ ಹೇಳ್ಬೇಕು, ಅಪ್ಪಾಜಿ."

"ನಾನೇ ಹೇಳ್ತೀನಿ. ನೀನು ಮಗು ಇದ್ದೆ ಆಗ. ನಿಂದೇನು ತಪ್ಪಿಲ್ಲ."

ಆಗ ಹೇಳಬೇಕಿತ್ತು. ಬೋರ್ಡಿಂಗ್ ಅಂತ ಕೂಗಿದರು. ಎದ್ದೆ.

ಮಾರ್ಚ್ 17, ಸೋಮವಾರ

ಬಂದು ಆರು ದಿನ. ದಿನಾ ಬೆಳಗ್ಗೆ ಅಪ್ಪಾಜಿ "ನಾಳೆ" ಅನ್ನುತ್ತಾರೆ. ಬಿಸಿಲು ಜಾಸ್ತಿ, ಮಂಡಿ, ಅಮಾವಾಸ್ಯೆ ಕಳೀಲಿ. ರೇಗುತ್ತೇನೆ. ಆದರೆ ಪ್ರತಿ "ನಾಳೆ"ಗೂ ಒಳಗೊಳಗೇ ನನಗೂ ನಿರಾಳ. ಇದು ಗೊತ್ತಾದಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಕರಡಿಗೆ ನನ್ನ ಬೀರುವಿನಲ್ಲಿ, ಸೀರೆಗಳ ನಡುವೆ. ಬೀರು ತೆಗೆದಾಗಲೆಲ್ಲ ಕಾಣುತ್ತದೆ.

ಕ್ಲಿನಿಕ್ಕಿನಲ್ಲಿ ಇವತ್ತು ಒಬ್ಬ ಹುಡುಗಿಗೆ ಮೂರು ಸಲ ಚುಚ್ಚಿದೆ. ಅವಳ ತಾಯಿ ಕೂಗಾಡಿದರು. ಡಾಕ್ಟರ್ ಕರೆದು ಕೇಳಿದರು, "ಏನ್ ಕಲಾವತಿ, ದೆಹಲಿಗೆ ಹೋಗಿ ಕೈ ಅಲ್ಲೇ ಬಿಟ್ಟು ಬಂದ್ರಾ?"

ಮಾರ್ಚ್ 20

ಚಿಕ್ಕಮ್ಮನ ಮಗ ಬಸವಕಿರಣ್ ಫೇಸ್‌ಬುಕ್ಕಿನಲ್ಲಿ ಸಿಕ್ಕ. ಮೆಸೇಜ್ ಹಾಕಿದೆ. ಎರಡು ದಿನ ಸುಮ್ಮನಿದ್ದು ಇವತ್ತು ಬರೆದಿದ್ದಾನೆ: "ಅಮ್ಮನ್ನ ಕೇಳ್ದೆ. ಭಾನುವಾರ ಬರ್ಲಿ ಅಂದ್ರು."

ಅಪ್ಪಾಜಿಗೆ ತೋರಿಸಿದೆ. ಇನ್ನು ನಾಳೆ ಇಲ್ಲ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 12.20. ಬ್ಯಾಡರಹಳ್ಳಿ, ಚಿಕ್ಕಮ್ಮನ ಮನೆ

ನಡುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹುಚ್ಚು ಎಂದುಕೊಳ್ಳಲಿ. ಬರೆಯದಿದ್ದರೆ ಎದ್ದು ಓಡಿಹೋಗುತ್ತೇನೆ.

ಹನ್ನೊಂದಕ್ಕೆ ಬಂದೆವು, ಆಟೋದಲ್ಲಿ. ಎರಡನೇ ಮಹಡಿ. ಅಪ್ಪಾಜಿ ಒಂದೊಂದು ಮೆಟ್ಟಿಲಿಗೂ ನಿಂತರು. ಬಾಗಿಲು ತೆಗೆದೇ ಇತ್ತು. ಚಿಕ್ಕಮ್ಮ ಬಾಗಿಲಲ್ಲಿ, ಕೂದಲೆಲ್ಲ ಬೆಳ್ಳಗೆ. ಗುರುತು ಹಿಡಿಯಲು ನನಗೆ ಅರೆಗಳಿಗೆ ಬೇಕಾಯಿತು, ಅವರಿಗೆ ಬೇಕಾಗಲಿಲ್ಲ.

"ಒಳಗ ಬರ್ರಿ ಭಾವಾರ. ಕಲಾ, ನೀನೂ ಬಾ."

ಅಪ್ಪಾಜಿ ಕೂರಲಿಲ್ಲ. ನಿಂತೇ ಹೇಳಿದರು. ಎಕ್ಸಿಬಿಷನ್, ಸಹಿ, ಡಾಬು, ಎಲ್ಲ. ಒಂದನ್ನೂ ಮುಚ್ಚಲಿಲ್ಲ. ಕೊನೆಗೆ "ನಿನ್ನ ಕಾಲಿಗೆ ಬೀಳೋ ಯೋಗ್ಯತೆನೂ ನಂಗಿಲ್ಲ ಕಣಮ್ಮ" ಎಂದು ಬಗ್ಗಲು ಹೋದರು. ಬಸವಕಿರಣ್ ಹಿಡಿದುಕೊಂಡ. ಹಿಡಿದ ಅವನ ಮುಖ ಕೆಂಪಾಗಿತ್ತು.

ಚಿಕ್ಕಮ್ಮ ಅಳಲಿಲ್ಲ, ಬೈಯಲಿಲ್ಲ. ನೆಲ ನೋಡುತ್ತಾ ಹೇಳಿದರು.

"ನಿಮ್ಮ ತಮ್ಮ ಹದಿನೆಂಟು ವರ್ಷ ಕರಡಿಗಿ ಬಗ್ಗೆ ನನ್ನ ಒಂದು ಮಾತು ಕೇಳಿದ್ದಿಲ್ಲ ಭಾವಾರ. ನನ್ನ ಸಂಗಾಟ ಮನಿ ಬಿಟ್ಟು ಬಂದ್ರು. ನಂಬ್ಯಾರ ಅಂತ ತಿಳಕೊಂಡಿದ್ದೆ. ದವಾಖಾನ್ಯಾಗ, ಕಡೀ ದಿನ, ಕೈ ಹಿಡಕೊಂಡು ಕೇಳಿದ್ರು. ಶಾಂತಾ, ಈಗರೆ ಖರೇ ಹೇಳು, ನೀನ ತಗೊಂಡಿದ್ದೇನು ಅಂತ."

ಅಪ್ಪಾಜಿ ಕುಸಿದು ಕೂತರು. ಹದಿನೆಂಟು ವರ್ಷ ಆ ಪ್ರಶ್ನೆಯನ್ನು ಚಿಕ್ಕಪ್ಪ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅದನ್ನು ಅಲ್ಲಿ ಇಟ್ಟವಳು ನಾನು.

"ನೀವ್ ಏನ್ ಹೇಳಿದ್ರಿ?" ಕೇಳಿದ್ದು ನಾನೇ.

"ಇಲ್ಲ ಅಂದೆ. ಕೇಳಿಸ್ತೋ ಇಲ್ಲೋ."

ಕರಡಿಗೆಯನ್ನು ಬ್ಯಾಗಿನಿಂದ ತೆಗೆದು ಟೀಪಾಯಿಯ ಮೇಲಿಟ್ಟೆ. ಮುಟ್ಟಲಿಲ್ಲ ಅವರು. "ಇದನ್ನ ತಗೊಂಡು ನಾ ಏನ್ ಮಾಡ್ಲಿ? ಡಾಬು ಕಟ್ಟೋ ಸೊಂಟ ಎಲ್ಲೈತಿ ಈಗ."

ಆಮೇಲೆ ಮ್ಯೂಸಿಯಮ್ಮಿನ ಫೋಟೊ ಕೇಳಿದರು. ಫೋನು ಕೊಟ್ಟೆ. ಕನ್ನಡಕ ಏರಿಸಿ, ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಆ ತುದಿಯನ್ನು ಬಹಳ ಹೊತ್ತು ನೋಡಿದರು.

"ಅರಗು ಇನ್ನೂ ಹಂಗ ಐತಿ ನೋಡು. ಗಟ್ಟಿ ಕೆಲಸ ಮಾಡಿದ್ದ ಅಂವ."

ಅಪ್ಪಾಜಿ ತಲೆಯೆತ್ತಿದರು. "ಯಾವ ಅರಗು? ನಾನ್ ಕೊಡುವಾಗ್ಲೇ ತುದಿ ಬಾಗಿತ್ತು, ಅಪ್ಪನ ಕಾಲದ್ದು ಅಂದ್ಕೊಂಡಿದ್ದೆ. ನಿನಗೆ ಹೆಂಗೆ ಗೊತ್ತು ಶಾಂತಾ? ಯಾರು ಬಾಗ್ಸಿದ್ದು?"

ಚಿಕ್ಕಮ್ಮ ನನ್ನ ಕಡೆ ನೋಡಿದರು. ಅದೇ ನೋಟ. ಸ್ವಾಮಿಗಳ ಎದುರಿಗೆ, ಹನ್ನೆರಡು ವರ್ಷದವಳನ್ನು ನೋಡಿದ್ದು. ಕಾದರು. ನನ್ನ ನಾಲಿಗೆ ಏಳಲಿಲ್ಲ.

"ಕಾಫಿ ಮಾಡ್ತೀನಿ" ಎಂದು ಎದ್ದು ಒಳಗೆ ಹೋದರು. ಇವತ್ತೂ ಹೇಳಲಿಲ್ಲ. ಇವತ್ತೂ ನನ್ನನ್ನು ಬಿಟ್ಟುಕೊಡಲಿಲ್ಲ.

ಹಾಲಿರಲಿಲ್ಲ, ಬಸವಕಿರಣ್ ತರಲು ಹೋದ. ಅದಕ್ಕೇ ಇಷ್ಟು ಬರೆಯಲು ಹೊತ್ತು ಸಿಕ್ಕಿತು. ಈಗ ಮೆಟ್ಟಿಲಲ್ಲಿ ಅವನ ಚಪ್ಪಲಿಯ ಸದ್ದು. ಅಡುಗೆಮನೆಯಲ್ಲಿ ಲೋಟ ಇಡುತ್ತಿದ್ದಾರೆ. ಅಪ್ಪಾಜಿ ಸ್ವಲ್ಪ ಹಗುರಾಗಿದ್ದಾರೆ, ಗೋಡೆಯ ಮೇಲಿನ ಚಿಕ್ಕಪ್ಪನ ಫೋಟೊ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರು ತಮ್ಮದನ್ನು ಇಳಿಸಿ ಆಯಿತು.

ಬಾಯಲ್ಲಿ ಹೇಳಲು ನನ್ನಿಂದಾಗದು, ಅದು ಗೊತ್ತಾಯಿತು. ಓದಬಹುದು. ಹತ್ತನೇ ತಾರೀಖಿನ ಪುಟ, ಒಂದಕ್ಷರ ಬಿಡದೆ, ಅಪ್ಪಾಜಿಯ ಎದುರಿಗೆ, ಬಸವಕಿರಣ್ ಎದುರಿಗೆ, ಆ ಫೋಟೊದ ಎದುರಿಗೆ. ಪುಟದ ನಡುವೆ ಬೆರಳಿಟ್ಟುಕೊಂಡಿದ್ದೇನೆ.

ಬಂದರು. ಟ್ರೇಯಲ್ಲಿ ನಾಲ್ಕು ಲೋಟ. ನನಗೆ ಮೊದಲು ಕೊಡುತ್ತಿದ್ದಾರೆ.

"ಏನ್ ಬರೀತಿದೀಯೇ ಅವಾಗಿಂದ?" ಅಪ್ಪಾಜಿ.

ಓದ್ತೀನಿ ಅಪ್ಪಾಜಿ, ಅಂದೆ. ಚಿಕ್ಕಮ್ಮ, ನೀವೂ ಕೂತ್ಕೊಳ್ಳಿ, ಅಂದೆ. ಕೂತರು. ಲೋಟ ಕೆಳಗಿಟ್ಟು ಪುಟ ತಿರುವುತ್ತಿದ್ದೇನೆ.